ತಂಗಿಯರನ್ನು ಬಿಟ್ಟು ಬಂದ ಜೋಳ

ಮುಸುಕಿನ ಜೋಳ, ಮೆಕ್ಕೆಜೋಳ, ಗೋವಿನಜೋಳ. ನಮ್ಮ ಒಂದೇ ಭಾಷೆಯಲ್ಲಿ ಈ ಬೆಳೆಗೆ ಮೂರು ಹೆಸರು. ಮೂರರಲ್ಲಿ ನನಗೆ ಹಿಡಿಸಿದ್ದು ಮೊದಲನೆಯದು. ಹಸಿರು ಸೆರಗನ್ನು ಒಂದರ ಮೇಲೊಂದು ಹೊದ್ದು, ತುದಿಯಲ್ಲಿ ಒಂದಿಷ್ಟು ಕೂದಲನ್ನು ಮಾತ್ರ ಹೊರಗೆ ಬಿಟ್ಟು ನಿಲ್ಲುವ ತೆನೆಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತರೂ ಕೊಡಲಾರರು. ಆ ಕೂದಲಿನ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದಂತೆ. ಎಳೆಗೆ ಪರಾಗ ತಾಗದಿದ್ದರೆ ಆ ಕಾಳು ಕಟ್ಟುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಸುಟ್ಟ ತೆನೆಯಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಖಾಲಿ ಇರುತ್ತದಲ್ಲ, ಅದು ಪರಾಗ ಸಿಗದ ಎಳೆಯ ಜಾಗ.

ನಾನು ಪಾಠ ಹೇಳುವುದು ದಾವಣಗೆರೆ ಜಿಲ್ಲೆಯ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ. ಸಮಾಜ ವಿಜ್ಞಾನ ನನ್ನ ವಿಷಯ. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಮೆಕ್ಕೆಜೋಳದ ಕ್ವಿಂಟಾಲ್ ದರ ನನಗಿಂತ ಚೆನ್ನಾಗಿ ಗೊತ್ತು. ಒಮ್ಮೆ ಕೊಲಂಬಸನ ಪಾಠ ಮಾಡುತ್ತ, ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ, ಮೆಕ್ಕೆಜೋಳ ಎಲ್ಲವೂ 1492ರ ನಂತರ ಅಮೆರಿಕದಿಂದ ಹೊರಟು ಲೋಕವೆಲ್ಲ ಹರಡಿದವು ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಂಗಾದ್ರೆ ಮಿಸ್, ಅದು ಅವರೂರಾಗೆ ಇದ್ದಾಗ ಯೂರಿಯಾ ಯಾರು ಹಾಕ್ತಿದ್ರು?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ನನಗೆ ಮಾತ್ರ ಇದು ನಗುವ ಪ್ರಶ್ನೆ ಅನ್ನಿಸಲಿಲ್ಲ. ಸಾವಿರಾರು ವರ್ಷ ಒಂದೇ ನಾಡಿನ ಮಣ್ಣಿನಲ್ಲಿ ಬೆಳೆದ ಈ ಹೊಟ್ಟೆಬಾಕ ಬೆಳೆಗೆ ಅಲ್ಲಿ ಉಣಿಸುತ್ತಿದ್ದವರು ಯಾರು?

ಹೊಟ್ಟೆಬಾಕ ಎಂದದ್ದು ಬೈಗುಳವಲ್ಲ. ಒಂದು ಟನ್ ಮೆಕ್ಕೆಜೋಳದ ಕಾಳಿನಲ್ಲಿ ಸುಮಾರು 15 ಕಿಲೋ ಸಾರಜನಕ ಇರುತ್ತದೆ. ಕಾಳು ಮಾರುಕಟ್ಟೆಗೆ ಹೋಯಿತೆಂದರೆ ಹೊಲದ ಸಾರಜನಕವೂ ಅದರೊಡನೆ ಲಾರಿ ಹತ್ತಿತು. ಸೊಪ್ಪೆಯನ್ನೂ ಕೊಯ್ದು ಸಾಗಿಸಿದರೆ ಇನ್ನಷ್ಟು ಹೋಯಿತು. ಮನೆಯ ಡಬ್ಬಿಯಿಂದ ದಿನಾ ಒಂದು ಪಾವು ತೆಗೆಯುತ್ತ, ತಿಂಗಳ ಸಾಮಾನು ತರದೆ ಇದ್ದರೆ ಏನಾಗುತ್ತದೋ ಹೊಲದಲ್ಲೂ ಅದೇ ಆಗುತ್ತದೆ.

ಈ ಜೋಳದ ತವರು ಮೆಕ್ಸಿಕೋದ ನೈಋತ್ಯ ಭಾಗದ ಬಾಲ್ಸಾಸ್ ನದಿಯ ಕಣಿವೆ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಜನ ತಿಯೋಸಿಂಟೆ ಎಂಬ ಕಾಡುಹುಲ್ಲನ್ನು ಆರಿಸಿ ಆರಿಸಿ ಬಿತ್ತುತ್ತ ಜೋಳ ಮಾಡಿಕೊಂಡರು. ತಿಯೋಸಿಂಟೆಯ ತೆನೆ ಕಿರುಬೆರಳಿನಷ್ಟೂ ಇಲ್ಲ. ಅದರಲ್ಲಿ ಹತ್ತು-ಹನ್ನೆರಡು ಕಾಳು, ಅವೂ ಕಲ್ಲಿನಂಥ ಸಿಪ್ಪೆಯೊಳಗೆ. (ನಮ್ಮ ಸೋಮನಾಥಪುರದ ಗುಡಿಯ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೇ ಎಂದು 1989ರಲ್ಲಿ ಇಬ್ಬರು ಅಮೆರಿಕನ್ನರು ಬರೆದು ಗದ್ದಲವಾಗಿತ್ತು. ಅದು ಮುತ್ತು ಪೋಣಿಸಿದ ಮುಕ್ತಾಫಲ ಎಂಬ ಕಲ್ಪನೆಯ ಹಣ್ಣು ಎಂದು ನಮ್ಮ ದೇಶದ ಜೋಳತಜ್ಞರು ಉತ್ತರ ಕೊಟ್ಟರು. ನನಗೂ ಅದೇ ಸರಿ ಎನ್ನಿಸುತ್ತದೆ. ಹೊಯ್ಸಳರ ಕಾಲದಲ್ಲಿ ಈ ಜೋಳ ಇದ್ದಿದ್ದರೆ ನಮ್ಮ ಶಾಸನ, ಕಾವ್ಯಗಳು ಅದರ ಸುದ್ದಿ ಎತ್ತದೆ ಬಿಡುತ್ತಿದ್ದವೇ?)

ತವರಿನಲ್ಲಿ ಜೋಳ ಒಂಟಿಯಾಗಿ ಬೆಳೆದದ್ದೇ ಕಡಿಮೆ. ಮೆಕ್ಸಿಕೋದವರ ಮಿಲ್ಪಾ ಎಂಬ ಹೊಲದಲ್ಲಿ ಜೋಳದ ಬುಡದಲ್ಲೇ ಹುರುಳಿಕಾಯಿ ಜಾತಿಯ ಬಳ್ಳಿ, ಅದರ ಪಕ್ಕದಲ್ಲಿ ಕುಂಬಳ. ಉತ್ತರ ಅಮೆರಿಕದ ಹೌಡೆನೊಸೌನೀ ಜನ, ನಮ್ಮ ಪುಸ್ತಕಗಳಲ್ಲಿ ಇರೋಕ್ವಾ ಎಂದು ಬರುವವರು, ಈ ಮೂರನ್ನೂ ಮೂವರು ಅಕ್ಕತಂಗಿಯರು ಎಂದು ಕರೆದರು. ಜೋಳ ಎತ್ತರಕ್ಕೆ ನಿಂತು ಬಳ್ಳಿಗೆ ಕೋಲಾಗುತ್ತದೆ. ಬಳ್ಳಿಯ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಕುಂಬಳದ ಅಗಲ ಎಲೆ ನೆಲ ಮುಚ್ಚಿ, ಕಳೆ ಏಳದಂತೆ, ತೇವ ಆರದಂತೆ ಕಾಯುತ್ತದೆ. ಬಳ್ಳಿ ಹಿಡಿದ ಸಾರಜನಕವೆಲ್ಲ ಆ ವರ್ಷದ ಜೋಳಕ್ಕೇ ಸಿಗುತ್ತದೆಂದು ಕೆಲವರು ಬರೆಯುತ್ತಾರೆ. ಅದು ಅತಿಯಾಯಿತು. ಬಳ್ಳಿ ತನಗೆ ಬೇಕಾದ್ದನ್ನು ತಾನೇ ಮಾಡಿಕೊಂಡು ಜೋಳದ ಪಾಲಿಗೆ ಕೈ ಹಾಕುವುದಿಲ್ಲ. ಅದರ ಎಲೆ, ಬೇರು ಕೊಳೆತ ಮೇಲೆ ಮುಂದಿನ ಬೆಳೆಗೆ ಸಿಗುವುದು ನಿಜವಾದ ಲಾಭ. ಮೆಕ್ಸಿಕೋದ ಕಾಡಿನ ಸೀಮೆಯಲ್ಲಿ ಇಷ್ಟೂ ಸಾಲದೆ, ಕೆಲವು ವರ್ಷ ಬಿತ್ತಿದ ಜಾಗವನ್ನು ಬೀಳು ಬಿಟ್ಟು ಮತ್ತೆ ಕಾಡು ಬೆಳೆಯಲು ಬಿಡುತ್ತಿದ್ದರು.

ಈ ಹೊಲಗಳ ಒಡತಿಯರು ಹೆಂಗಸರು ಎಂಬುದು ನನಗೆ ತಡವಾಗಿ ಗೊತ್ತಾದ ಸಂಗತಿ. ಅಮೆರಿಕದ ಮಿಸ್ಸೂರಿ ನದಿಯ ದಂಡೆಯಲ್ಲಿ ಹಿದಾತ್ಸಾ ಎಂಬ ಜನರಿದ್ದಾರೆ. ಅವರಲ್ಲಿ ಸುಮಾರು 1839ರಲ್ಲಿ ಹುಟ್ಟಿದ ಒಬ್ಬಾಕೆಯನ್ನು ಬಫೆಲೋ ಬರ್ಡ್ ವುಮನ್ ಎಂದು ಕರೆಯುತ್ತಾರೆ. ಆಕೆ ತನ್ನ ಬೇಸಾಯದ ಕಥೆಯನ್ನು ತನ್ನ ಭಾಷೆಯಲ್ಲಿ ಹೇಳಿದಳು, ಮಗ ಅದನ್ನು ಇಂಗ್ಲಿಷಿಗೆ ತಿಳಿಸಿದ, ಗಿಲ್ಬರ್ಟ್ ವಿಲ್ಸನ್ ಎಂಬ ವಿದ್ವಾಂಸ ಬರೆದುಕೊಂಡ. 1917ರಲ್ಲಿ ಅದು ಪುಸ್ತಕವಾಯಿತು. ಎಷ್ಟು ಆಳಕ್ಕೆ ಬೀಜ ಹಾಕಬೇಕು, ಕುಂಬಳವನ್ನು ಹೆಚ್ಚಿ ಒಣಗಿಸುವುದು ಹೇಗೆ, ಚಳಿಗಾಲಕ್ಕೆ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ಇಡುವುದು ಹೇಗೆ ಎಂದು ಒಂದನ್ನೂ ಬಿಡದೆ ಹೇಳುತ್ತಾಳೆ. ಕಾಳು ಹಾಲುಗಟ್ಟುವ ಹೊತ್ತಿಗೆ ಹುಡುಗಿಯರು ಹೊಲದ ನಡುವೆ ಕಟ್ಟಿದ ಅಟ್ಟಣಿಗೆಯ ಮೇಲೆ ಕುಳಿತು ಹಕ್ಕಿ ಓಡಿಸುತ್ತ ಜೋಳಕ್ಕೆ ಹಾಡು ಹೇಳುತ್ತಿದ್ದರಂತೆ. ತಾಯಿ ಮಗುವಿಗೆ ಹಾಡಿದ ಹಾಗೆ ಹಾಡಿದರೆ ಜೋಳಕ್ಕೆ ಇಷ್ಟವಾಗುತ್ತದೆಂದು ಅವರ ನಂಬಿಕೆ. ನಮ್ಮ ಅಟ್ಟಣಿಗೆಗಳಲ್ಲಿ ಕವಣೆ ಬೀಸಿದವರು ಹೆಚ್ಚು, ಹಾಡಿದವರೂ ಇದ್ದಾರು.

ಆಕೆಯ ಮಾತಿನಲ್ಲಿ ನಮ್ಮ ರೈತರು ಹುಬ್ಬೇರಿಸುವ ಒಂದು ಸಂಗತಿಯೂ ಇದೆ. ಹಿದಾತ್ಸಾ ಹೆಂಗಸರು ಹೊಲಕ್ಕೆ ಕುದುರೆ ಲದ್ದಿ ಬೀಳುವುದನ್ನು ಇಷ್ಟಪಡುತ್ತಿರಲಿಲ್ಲ. ಅದು ಬಿದ್ದ ಕಡೆ ಹುಳುವೂ ಕಳೆಯೂ ಹೆಚ್ಚು ಎನ್ನುತ್ತಿದ್ದರು. ತಿಪ್ಪೆಯನ್ನೇ ಲಕ್ಷ್ಮಿ ಎನ್ನುವ ನಮಗೆ ಇದು ವಿಚಿತ್ರ. ಗೊಬ್ಬರವಿಲ್ಲದೆ ಅವರು ಬದುಕಿದ್ದು ನೆಲಕ್ಕೆ ರಜೆ ಕೊಟ್ಟು. ಫಸಲು ಇಳಿದ ಜಾಗವನ್ನು ಬೀಳು ಬಿಟ್ಟು, ಬೇರೆಡೆ ಬಿತ್ತಿ, ಮತ್ತೆ ಅಲ್ಲಿಗೆ ಬರುತ್ತಿದ್ದರು. ಇರೋಕ್ವಾ ಹೆಂಗಸರ ವಿಷಯದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೇನ್ ಮೌಂಟ್ ಪ್ಲೆಸೆಂಟ್ ಎಂಬ ವಿಜ್ಞಾನಿ 2011ರಲ್ಲಿ ಒಂದು ಲೆಕ್ಕ ಕೊಟ್ಟರು. 17, 18ನೇ ಶತಮಾನಗಳಲ್ಲಿ ಆ ಹೆಂಗಸರು ಎಕರೆಗೆ ತೆಗೆಯುತ್ತಿದ್ದ ಕಾಳು ಯುರೋಪಿನ ಗೋಧಿ ರೈತರದ್ದಕ್ಕಿಂತ ಮೂರರಿಂದ ಐದು ಪಟ್ಟು ಹೆಚ್ಚು. ನೇಗಿಲು ಹೂಡದೆ ಗುದ್ದಲಿಯಲ್ಲಿ ಮಣ್ಣಿನ ದಿಬ್ಬ ಮಾಡಿ ಬಿತ್ತುತ್ತಿದ್ದರಿಂದ ನೆಲದ ಸಾವಯವ ಅಂಶ ಸುಟ್ಟು ಹೋಗುತ್ತಿರಲಿಲ್ಲ ಎಂಬುದು ಅವರ ವಾದ. 1779ರಲ್ಲಿ ಜಾರ್ಜ್ ವಾಷಿಂಗ್ಟನ್ನರ ಅಪ್ಪಣೆಯಂತೆ ಜನರಲ್ ಸಲಿವನ್ನನ ಸೈನ್ಯ ಈ ಜನರ ಊರುಗಳನ್ನೂ ಜೋಳದ ಹೊಲಗಳನ್ನೂ ಸುಟ್ಟು ಹಾಕಿತು. ವಾಷಿಂಗ್ಟನ್ನರ ಪಾಠ ಮಾಡುವಾಗ ನಾನು ಇದನ್ನೂ ಮಕ್ಕಳಿಗೆ ಹೇಳುತ್ತೇನೆ.

ಹೀಗೆ ತುಂಬಿದ ಮನೆಯಲ್ಲಿ ಬೆಳೆದ ಜೋಳ ಹಡಗು ಹತ್ತಿದಾಗ ಅದರ ಸಂಗಾತಿಗಳ ಗತಿ ಏನಾಯಿತು? ಹುರುಳಿಕಾಯಿ, ಕುಂಬಳಗಳೂ ಬಂದವು, ಆದರೆ ಬೇರೆ ಬೇರೆ ಹಡಗಿನಲ್ಲಿ ಬಂದ ನೆಂಟರಂತೆ ಬೇರೆ ಬೇರೆ ತೋಟ ಸೇರಿಕೊಂಡವು. ಬಿತ್ತುವ ಕ್ರಮ, ಅಡುಗೆಯ ಕ್ರಮ ಹಿಂದೆ ಉಳಿದವು. ಮೆಕ್ಸಿಕೋದ ಹೆಂಗಸರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಸಿ, ತೊಳೆದು, ಅರೆದು ರೊಟ್ಟಿ ಮಾಡುತ್ತಾರೆ. ಹೊಟ್ಟು ಬಿಡಿಸುವ ಉಪಾಯ ಅಷ್ಟೇ ಎಂದು ಯುರೋಪಿನವರು ಅದನ್ನು ಲೆಕ್ಕಕ್ಕಿಡಲಿಲ್ಲ. ಜೋಳವನ್ನೇ ಮೂರು ಹೊತ್ತು ಉಂಡ ಸ್ಪೇನಿನ ಬಡವರಿಗೆ ಚರ್ಮ ಕೆಂಪಾಗಿ ಬಿರಿದು, ಭೇದಿಯಾಗಿ, ಬುದ್ಧಿಭ್ರಮೆಯಾಗುವ ಕಾಯಿಲೆ ಬಂತು. 1735ರಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯ ಅದನ್ನು ಗುರುತಿಸಿದ. ಇಟಲಿಯಲ್ಲಿ ಅದಕ್ಕೆ ಪೆಲಾಗ್ರ ಎಂದು ಹೆಸರಾಯಿತು. ಜೋಳದಲ್ಲಿರುವ ನಿಯಾಸಿನ್ ಎಂಬ ಜೀವಸತ್ವವನ್ನು ನಮ್ಮ ಹೊಟ್ಟೆಗೆ ದಕ್ಕುವಂತೆ ಬಿಡಿಸಿಕೊಡುತ್ತಿದ್ದುದು ಆ ಸುಣ್ಣ. ನಿಯಾಸಿನ್ ಕೊರತೆಯೇ ಕಾರಣ ಎಂದು ಪತ್ತೆಯಾದದ್ದು 1937ರಲ್ಲಿ, ಕಸಾಲನ ಕಾಲದಿಂದ ಇನ್ನೂರು ವರ್ಷಗಳ ಮೇಲೆ. ಅಡುಗೆಮನೆಯ ವಿದ್ಯೆಯನ್ನು ವಿದ್ಯೆ ಎಂದು ಎಣಿಸದಿದ್ದುದಕ್ಕೆ ತೆತ್ತ ಬೆಲೆ ಅದು.

ಹೊಟ್ಟೆಗಾದದ್ದೇ ಮಣ್ಣಿಗೂ ಆಯಿತು. ಅದನ್ನು ಕಣ್ಣಾರೆ ತೋರಿಸುವ ಒಂದು ಹೊಲ ಅಮೆರಿಕದ ಇಲಿನಾಯ್ ರಾಜ್ಯದ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಇಲಿನಾಯ್ ಎಂದರೆ ಒಂದು ಕಾಲಕ್ಕೆ ಆಳೆತ್ತರದ ಹುಲ್ಲುಗಾವಲಿನ ನಾಡು. ಸಾವಿರಾರು ವರ್ಷ ಆ ಹುಲ್ಲಿನ ಬೇರು ಕೊಳೆತು ಕೊಳೆತು ಕಪ್ಪು ಮಣ್ಣಾಗಿತ್ತು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಉಕ್ಕಿನ ನೇಗಿಲು ಮಾಡಿದ ಮೇಲೆ ಆ ಅಂಟುಮಣ್ಣನ್ನೂ ಸೀಳುವುದು ಸುಲಭವಾಯಿತು. ಈ ನೆಲ ಎಂದಿಗೂ ಬರಿದಾಗದು ಎಂದೇ ಬಹಳ ಮಂದಿ ನಂಬಿದ್ದರು. 1876ರಲ್ಲಿ ವಿಶ್ವವಿದ್ಯಾಲಯದವರು ಪರೀಕ್ಷೆಗೆ ಕೈಹಾಕಿದರು. ಒಂದು ತುಂಡಿನಲ್ಲಿ ಪ್ರತಿ ವರ್ಷವೂ ಜೋಳ. ಇನ್ನೊಂದರಲ್ಲಿ ಜೋಳ, ಓಟ್ಸ್ ಸರದಿಯಲ್ಲಿ. ಮತ್ತೊಂದರಲ್ಲಿ ಜೋಳ, ಓಟ್ಸ್, ಆಮೇಲೆ ದ್ವಿದಳ ಜಾತಿಯ ಮೇವು. ಪ್ರಾಧ್ಯಾಪಕ ಜಾರ್ಜ್ ಮಾರೋ ಅವರ ಹೆಸರಿನಲ್ಲಿ ಮಾರೋ ಪ್ಲಾಟ್ಸ್ ಎಂದು ಕರೆಯುವ ಆ ಹೊಲ ಅಮೆರಿಕ ಖಂಡದಲ್ಲೇ ಅತಿ ಹಳೆಯ ಬೇಸಾಯ ಪ್ರಯೋಗ. ಇಂದಿಗೂ ಅದೇ ಜಾಗದಲ್ಲಿ ಬಿತ್ತನೆ ನಡೆದಿದೆ. 1960ರ ದಶಕದಲ್ಲಿ ಅದರ ಪಕ್ಕಕ್ಕೇ ಒಂದು ಗ್ರಂಥಾಲಯ ಬೇಕಾದಾಗ, ಕಟ್ಟಡದ ನೆರಳು ಜೋಳದ ಮೇಲೆ ಬಿದ್ದೀತೆಂದು ಗ್ರಂಥಾಲಯವನ್ನೇ ನೆಲದೊಳಗೆ ಕಟ್ಟಿದರು. 1969ರಲ್ಲಿ ಅದು ತೆರೆಯಿತು. ಪುಸ್ತಕಗಳು ಪಾತಾಳಕ್ಕೆ, ಜೋಳ ಬಿಸಿಲಿಗೆ! ನಮ್ಮಲ್ಲಾಗಿದ್ದರೆ ಹೊಲ ಸೈಟಾಗುತ್ತಿತ್ತು.

ಅಲ್ಲಿ ಗೊತ್ತಾದದ್ದೇನು? ಏನನ್ನೂ ಹಾಕದೆ ವರ್ಷವರ್ಷವೂ ಬರಿ ಜೋಳ ಬೆಳೆದ ತುಂಡಿನಲ್ಲಿ ಫಸಲು ಕೆಲವೇ ದಶಕಗಳಲ್ಲಿ ಕುಸಿದುಬಿಟ್ಟಿತು. ಕಪ್ಪು ಮಣ್ಣಿನ ಬಣ್ಣವೇ ತಿಳಿಯಾಯಿತು. ದ್ವಿದಳ ಮೇವನ್ನು ಸರದಿಗೆ ಸೇರಿಸಿದ ತುಂಡು ಬಹಳ ಕಾಲ ತಡೆದುಕೊಂಡಿತು. 1904ರಿಂದ ಅರ್ಧರ್ಧ ತುಂಡಿಗೆ ಕೊಟ್ಟಿಗೆ ಗೊಬ್ಬರ, ಸುಣ್ಣ, ರಂಜಕ ಹಾಕತೊಡಗಿದರು. ಅಲ್ಲಿ ಫಸಲು ಏರಿತು. 1955ರಿಂದ ಕೆಲವು ಭಾಗಕ್ಕೆ ರಾಸಾಯನಿಕ ಗೊಬ್ಬರ ಬಂತು. ಬಡವಾಗಿದ್ದ ನೆಲವೂ ಗೊಬ್ಬರ ಬಿದ್ದೊಡನೆ ಹಲವು ಪಟ್ಟು ಕಾಳು ಕೊಟ್ಟಿತು. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. 1909ರಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸದೆ, 1913ರಲ್ಲಿ ಜರ್ಮನಿಯಲ್ಲಿ ಅದರ ಕಾರ್ಖಾನೆ ಏಳದೆ ಇದ್ದಿದ್ದರೆ ಇಂದು ಲೋಕದ ಎಷ್ಟೋ ಒಲೆ ಉರಿಯುತ್ತಿರಲಿಲ್ಲ. ಆದರೂ ಅದೇ ಹೊಲದ ಐವತ್ತು ವರ್ಷಗಳ ಲೆಕ್ಕ ನೋಡಿ, ಅಷ್ಟು ಗೊಬ್ಬರ ಸುರಿದರೂ ಮಣ್ಣಿನ ಸಾವಯವ ಇಂಗಾಲ ಇಳಿಯುತ್ತಲೇ ಇದೆ ಎಂದು 2007ರಲ್ಲಿ ಅಲ್ಲಿನ ವಿಜ್ಞಾನಿಗಳೇ ಬರೆದರು. ಉಳಿದ ಕೆಲವರು ಒಪ್ಪಲಿಲ್ಲ, ವಾದ ನಡೆಯಿತು. ಗೊಬ್ಬರ ಹಾಕಿದ ತುಂಡುಗಳಲ್ಲೂ ಸರದಿಯ ಜೋಳವೇ ಒಂಟಿ ಜೋಳಕ್ಕಿಂತ ಮುಂದು ಎಂಬುದರಲ್ಲಿ ಮಾತ್ರ ಹೆಚ್ಚಿನ ಜಗಳವಿಲ್ಲ.

ಇನ್ನು ನಮ್ಮೂರಿನ ಕಥೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಸುತ್ತಲ ಹೊಲಗಳಲ್ಲಿ ಹತ್ತಿ, ಬಿಳಿಜೋಳ, ಶೇಂಗಾ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1961ರಲ್ಲಿ ದೇಶದ ಮೊದಲ ಸಂಕರಣ ಮೆಕ್ಕೆಜೋಳಗಳು ಬಿಡುಗಡೆಯಾದಾಗ ಅವುಗಳಲ್ಲಿ ಒಂದರ ಹೆಸರು ಡೆಕ್ಕನ್. ಮುಂದೆ ಕೋಳಿಫಾರಂಗಳು ಹೆಚ್ಚಿ ಕಾಳಿಗೆ ಗಿರಾಕಿ ಸಿಕ್ಕಿತು. ಹತ್ತಿಗೆ ಹುಳು, ಶೇಂಗಾಕ್ಕೆ ಮಳೆಯ ಕಾಟ; ಇದಾದರೆ ಬಿತ್ತಿ, ಗೊಬ್ಬರ ಹಾಕಿ, ಮುರಿದು, ಯಂತ್ರಕ್ಕೆ ಕೊಟ್ಟರೆ ಮುಗಿಯಿತು. ಈಗ ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಮುಂಗಾರಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಕಡೆ ಇದೇ ಹಸಿರು ಗೋಡೆ. ನೆಲ ಬಳಲಿದ್ದು ಸಾಲದೆಂಬಂತೆ 2018ರ ಮೇ ತಿಂಗಳಲ್ಲಿ ಅಮೆರಿಕದ ಸೈನಿಕ ಹುಳು ಭಾರತದಲ್ಲೇ ಮೊದಲಿಗೆ ನಮ್ಮ ನೆರೆಯ ಶಿವಮೊಗ್ಗದಲ್ಲಿ ಕಾಣಿಸಿತು. ತಂಗಿಯರನ್ನು ಬಿಟ್ಟು ಬಂದವಳ ಹಿಂದೆ ತವರಿನ ಶತ್ರು ಮಾತ್ರ ಹುಡುಕಿಕೊಂಡು ಬಂದ.

ನಮ್ಮ ರಾಜ್ಯದಲ್ಲೂ ಮಾರೋ ಹೊಲದಂಥ ಒಂದು ಹೊಲವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೆಂಪುಮಣ್ಣಿನಲ್ಲಿ 1986ರಿಂದ ರಾಗಿ, ಮೆಕ್ಕೆಜೋಳ ಒಂದಾದ ಮೇಲೊಂದು ಬೆಳೆದು ಲೆಕ್ಕ ಇಡುತ್ತಿದ್ದಾರೆ. ಬರಿ ಸಾರಜನಕ ಹಾಕಿದ ತುಂಡು ಸೊರಗಿತು, ಮಣ್ಣು ಹುಳಿಯಾಯಿತು. ಸಾರಜನಕ, ರಂಜಕ, ಪೊಟ್ಯಾಷ್ ಮೂರರ ಜೊತೆಗೆ ಕೊಟ್ಟಿಗೆ ಗೊಬ್ಬರ, ಸುಣ್ಣ ಕಂಡ ತುಂಡು ಮುಂದಾಯಿತು. ಹಿಮಾಚಲದ ಪಾಲಂಪುರದಲ್ಲಿ 1972ರಿಂದ ನಡೆದ ಇಂಥದೇ ಪ್ರಯೋಗದಲ್ಲಿ ಬರಿ ಸಾರಜನಕದ ತುಂಡಿನಲ್ಲಿ ಮೆಕ್ಕೆಜೋಳ ಕೊನೆಗೆ ಒಂದು ಕಾಳನ್ನೂ ಕೊಡದಂತಾಯಿತು. ಅಂದರೆ ಯೂರಿಯಾ ಒಂದನ್ನೇ ಸುರಿಯುವುದು ಮಗುವಿಗೆ ಬರಿ ಬೆಲ್ಲ ತಿನ್ನಿಸಿದ ಹಾಗೆ. ಮೆಕ್ಸಿಕೋದ ಹೆಂಗಸಿನ ಪಾತ್ರೆಯಲ್ಲಿದ್ದ ಸುಣ್ಣ ಇಲ್ಲಿ ಮಣ್ಣಿಗೆ ಬೇಕಾಯಿತಲ್ಲ ಎಂದು ನನಗೆ ಸೋಜಿಗವಾಯಿತು.

ನನ್ನ ಮೈದುನನ ನಾಲ್ಕು ಎಕರೆ ಮಸಾರಿ ಹೊಲದಲ್ಲಿ ಇಪ್ಪತ್ತು ವರ್ಷಗಳಿಂದ ಮೆಕ್ಕೆಜೋಳ ಬಿಟ್ಟು ಬೇರೆ ಕಂಡಿಲ್ಲ. "ಮೊದಲು ಎಕರೆಗೆ ಒಂದು ಚೀಲ ಯೂರಿಯಾ ಸಾಕಾಗ್ತಿತ್ತು ಅತ್ತಿಗೆಮ್ಮಾ, ಈಗ ಮೂರು ಹಾಕಿದರೂ ಅಷ್ಟೇ ಬರೋದು" ಎನ್ನುತ್ತಾನೆ. ದನಗಳನ್ನು ಮಾರಿ ಹತ್ತು ವರ್ಷವಾಯಿತು, ತಿಪ್ಪೆ ಇದ್ದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ. ನಮ್ಮ ಅತ್ತೆಯವರ ಕಾಲದಲ್ಲಿ ಇದೇ ಹೊಲದಲ್ಲಿ ಅಕ್ಕಡಿ ಇರುತ್ತಿತ್ತು. ಬಿಳಿಜೋಳದ ಕೆಲವು ಸಾಲಿಗೆ ಒಂದು ಸಾಲು ತೊಗರಿ, ನಡುನಡುವೆ ಅವರೆ, ಅಲಸಂದಿ, ಬದುವಿನಲ್ಲಿ ಕುಂಬಳ, ಸೌತೆ. ಅತ್ತೆಯವರು ಮೆಕ್ಸಿಕೋದ ಹೆಸರು ಕೇಳಿದವರಲ್ಲ. "ಜ್ವಾಳ ಮಾರಾಕ, ಅಕ್ಕಡಿ ಮನಿಗೆ" ಎನ್ನುತ್ತಿದ್ದರು. ವರ್ಷದ ಬೇಳೆಯನ್ನು ಅಂಗಡಿಯಿಂದ ತಂದದ್ದು ನಾನು ಆ ಮನೆಗೆ ಬಂದ ಹೊಸದರಲ್ಲಿ ಕಾಣೆ.

ಅಕ್ಕಡಿ ಏಕೆ ನಿಂತಿತು ಎಂದರೆ ಎಲ್ಲರೂ ಯೂರಿಯಾದ ಕಡೆ ಬೆರಳು ತೋರಿಸುತ್ತಾರೆ. ನನಗೆ ಕಾಣುವ ಕಾರಣ ಕಳೆನಾಶಕ. ಮೆಕ್ಕೆಜೋಳ ಬಿತ್ತಿದೊಡನೆ ಸಿಂಪಡಿಸುವ ಅಟ್ರಾಜಿನ್ ಜೋಳವನ್ನು ಮುಟ್ಟುವುದಿಲ್ಲ. ತೊಗರಿ, ಅವರೆ, ಅಲಸಂದಿಗಳನ್ನು ಬದುಕಗೊಡುವುದಿಲ್ಲ. ಅದು ಬಂದ ಮೇಲೆ ಜೋಳದ ಜೊತೆ ಇನ್ನೊಂದು ಬೀಜ ಹಾಕುವ ಮಾತೇ ಇಲ್ಲವಾಯಿತು. ಹಾಗೆಂದು ಕಳೆನಾಶಕವನ್ನು ಶಪಿಸಲು ನನಗೆ ಬಾಯಿ ಬರುವುದಿಲ್ಲ. ಬಗ್ಗಿ ಬಗ್ಗಿ ಕಳೆ ಕಿತ್ತು ಸೊಂಟ ಬಿದ್ದವರು ಹೆಂಗಸರೇ. ನನ್ನ ವಿದ್ಯಾರ್ಥಿನಿಯರ ತಾಯಂದಿರಲ್ಲಿ ಎಷ್ಟೋ ಜನ ಆ ಕೆಲಸ ಬಿಟ್ಟು ಪಟ್ಟಣದಲ್ಲಿ ಹೊಲಿಗೆಗೆ ಕೂತಿದ್ದಾರೆ. ಅವರನ್ನು ಮತ್ತೆ ಜೂನ್ ತಿಂಗಳ ಕೆಸರಿಗೆ ಕರೆಯುವ ಹಕ್ಕು, ಫ್ಯಾನಿನ ಕೆಳಗೆ ಪಾಠ ಹೇಳುವ ನನಗಿಲ್ಲ.

ಈ ವಿಚಾರವನ್ನು ಮೈದುನನ ಮುಂದೆ ಎತ್ತಿದಾಗ ಅವನು ಲೆಕ್ಕ ಕೇಳಿದ. ತೊಗರಿ ಜನವರಿಯವರೆಗೆ ನಿಲ್ಲುತ್ತದೆ, ಜೋಳ ಅಕ್ಟೋಬರಿನಲ್ಲಿ ಮುರಿಯಬೇಕು, ಮುರಿಯುವ ಕೂಲಿಯವರು ತೊಗರಿ ಸಾಲು ತುಳಿದರೆ? ಕಳೆಗೆ ಎಡೆಕುಂಟೆ ಹೊಡೆಯಲು ಎತ್ತು ಎಲ್ಲಿ? ಎಲ್ಲವೂ ನಿಜ. ಕೊನೆಗೆ ಒಂದು ಎಕರೆಗೆ ಒಪ್ಪಿದ. ಆರು ಸಾಲು ಜೋಳಕ್ಕೆ ಒಂದು ಸಾಲು ತೊಗರಿ, ಕಳೆನಾಶಕ ಇಲ್ಲ, ಪಕ್ಕದೂರಿನಿಂದ ಬಾಡಿಗೆ ಎತ್ತು ತಂದು ಎರಡು ಸಲ ಎಡೆ ಹೊಡೆಸಿದ. ಜೋಳ ಮೂರು ಚೀಲ ಕಡಿಮೆಯಾಯಿತು. ತೊಗರಿ ಒಂದೂವರೆ ಚೀಲ ಬಂತು, ಅದರಲ್ಲಿ ಅರ್ಧ ಚೀಲ ನಮ್ಮ ಮನೆಗೂ ಬಂತು. ಉದುರಿದ ತೊಗರಿ ಎಲೆಯನ್ನು ಅಲ್ಲೇ ಮಣ್ಣಿಗೆ ಸೇರಿಸಿ, ಜೋಳದ ಸೊಪ್ಪೆಗೆ ಬೆಂಕಿ ಇಡದೆ ಬಿಟ್ಟಿದ್ದಾನೆ. ಮೊನ್ನೆ ಎರಡು ಪೊಟ್ಟಣಗಳಲ್ಲಿ ಮಣ್ಣು ತಂದಿದ್ದ, ಒಂದು ಆ ಎಕರೆಯದು, ಇನ್ನೊಂದು ಉಳಿದ ಮೂರು ಎಕರೆಯದು. ಚೀಟಿಯ ಮೇಲೆ ನನ್ನಿಂದಲೇ ಹೆಸರು ಬರೆಸಿಕೊಂಡು ಮಣ್ಣು ಪರೀಕ್ಷೆಗೆ ಕೊಟ್ಟುಬಂದ. ವರದಿ ಬರುವುದಕ್ಕೆ ಇನ್ನೂ ಮೂರು ವಾರವಿದೆಯಂತೆ.